ಪ್ಲೇಟಿಗೆ ತೂತು ಬಿದ್ದ ದಿನ

ನನ್ನ ಅಕ್ಷರ ಸೊಟ್ಟ, ಮಾತುಗಳೂ ಸಾಲವು, ಓದುವವರು ಕ್ಷಮಿಸಬೇಕು. ಆದರೂ ಅಗಡಿಯ ನಮ್ಮ ಗುಡ್ಡವ್ವ ಚಿಗವ್ವನ ಸಂಗತಿಯನ್ನು ಯಾರಾದರೂ ಬರೆದಿಡಬೇಕಲ್ಲ.

ಗುಡ್ಡವ್ವ ಆರು ವರ್ಷ ಬ್ಯಾಡಗಿಯಲ್ಲಿ, ಮೆಣಸಿನಕಾಯಿಯಿಂದ ಬಣ್ಣ ತೆಗೆಯುವ ಕಾರ್ಖಾನೆಯಲ್ಲಿ ದುಡಿದವಳು. ಅಲ್ಲಿ ಬಣ್ಣ ಇಳಿಸಲು ಹಾಕಿದ ದ್ರಾವಕವನ್ನು ಕಾಯಿಸಿ ಹಾರಿಸಿ, ಪರೀಕ್ಷೆಯಾದ ಮೇಲೆಯೇ ಬಣ್ಣದ ಡಬ್ಬಿ ಗೇಟು ದಾಟುತ್ತಿತ್ತು. ಓದು ಬರದಿದ್ದರೂ ಯಾವ ಡ್ರಮ್ಮಿನಲ್ಲಿ ಏನಿದೆ ಎಂದು ಅವಳ ಮೂಗು ಹೇಳುತ್ತಿತ್ತು.

ಈಗ ಅವಳು ರಾಣೆಬೆನ್ನೂರಿನ ಪ್ರಭುಲಿಂಗಪ್ಪನವರಲ್ಲಿ ಬಾಟಲಿ ತುಂಬುತ್ತಾಳೆ. ಬೀಜದ ಕಂಪನಿಗಳ ಸೂರ್ಯಕಾಂತಿ ಹೊಲಗಳಿಗೆ ಪರಾಗಸ್ಪರ್ಶಕ್ಕೆಂದು ಜೇನುಪೆಟ್ಟಿಗೆ ಬಾಡಿಗೆ ಕೊಡುವ ಸಾಹುಕಾರರು ಅವರು. ಪೆಟ್ಟಿಗೆಯ ಸಂದಿಗಳಿಗೆ ಜೇನುಹುಳುಗಳು ಮೆತ್ತುವ ಕಂದು ಅಂಟಿನಿಂದ ಶಕ್ತಿಯ ಔಷಧ ಮಾಡಲು ಹೊರಟಿದ್ದರು. ಆ ಅಂಟು ನೀರಿಗೆ ಕರಗದು. ಹೊಟ್ಟೆಗೆ ಸೇರಬಹುದಾದ ಶುದ್ಧ ಆಲ್ಕೋಹಾಲೇ ಬೇಕೆಂದು ಜೇನುಸಾಕಣೆಯ ತರಬೇತಿಯಲ್ಲಿ ಹೇಳಿದಾಗ ಸಾಹುಕಾರರು ಎದ್ದು ಬಂದಿದ್ದರು.

“ನಮ್ಮ ಮನಿತನದಾಗ ಸೆರೆ ಮುಟ್ಟಿದವ್ರಿಲ್ಲ,” ಎಂದು ಪೇಂಟ್ ಅಂಗಡಿಯಿಂದ ಥಿನ್ನರ್ ತಂದರು. ಅದನ್ನು ಯಾವ ಕುಡುಕನೂ ಕುಡಿಯುವುದಿಲ್ಲ, ಆದ್ದರಿಂದ ಅದು ಶುದ್ಧ ಎಂಬುದು ಅವರ ನ್ಯಾಯ.

“ಸಾವ್ಕಾರ್ರ, ಇದು ಬಾಗಲಾ ಬಳ್ಯಾಕ ತರೋದ್ರಿ. ಹೊಟ್ಟಿಗೆ ಹೋದ್ರ ವಿಷ,” ಎಂದಳು ಗುಡ್ಡವ್ವ.

“ನಿಂಗೇನ ತಿಳಿತೈತಿ? ಬಾಟ್ಲಿ ಚೀಟ್ಯಾಗ ‘ರಾಸಾಯನಿಕ ಇಲ್ಲ’ ಅಂತ ಪ್ರಿಂಟ್ ಮಾಡ್ಸೇನಿ. ಇನ್ನ ಹೆಂಗ ಇರತೈತಿ?”

ನಲವತ್ತು ಬಾಟಲಿ ತುಂಬಿದವು. ಔಷಧ ಮಾರಲು ಶುರುಮಾಡುವ ಪೂಜೆಯ ದಿನ ಮೊದಲ ಚಮಚ ಸಾಹುಕಾರರ ತಾಯಿ, ಎಂಬತ್ತರ ಗದಿಗೆವ್ವನಿಗೆ ಎಂದು ಗೊತ್ತಾಯಿತು. ದಿನಾ ಗುಡ್ಡವ್ವನ ಜೊತೆ ಎಲೆಯಡಿಕೆ ಹಂಚಿಕೊಂಡು ತಿನ್ನುವ ಮುದುಕಿ ಅದು.

ಪೂಜೆ ಮುಗಿಯಿತು. ಸಾಹುಕಾರರು ಚಮಚ ಎತ್ತಿದಾಗ ಗುಡ್ಡವ್ವ ಗದಿಗೆವ್ವನ ಕೈಗೆ ಉಪ್ಪಿಟ್ಟಿನ ಥರ್ಮಾಕೋಲ್ ಪ್ಲೇಟು ಕೊಡುವ ನೆಪದಲ್ಲಿ ಸಾಹುಕಾರರ ಮೊಣಕೈಗೆ ತಾಗಿದಳು. ಔಷಧ ಪ್ಲೇಟಿಗೆ ಚೆಲ್ಲಿತು. ಪ್ಲೇಟು ಕರಗಿ ತೂತಾಗಿ, ಉಪ್ಪಿಟ್ಟು ಮುದುಕಿಯ ಮಡಿಲಿಗೆ ಬಿತ್ತು.

ಪೂಜೆಗೆ ಬಂದ ಮಂದಿ ಹಿಂದೆ ಸರಿದರು. ಸಾಹುಕಾರರು ಮಾತ್ರ ಹಿಗ್ಗಿದರು. “ನೋಡಿದ್ರಿಲ್ಲೋ ಪವರ್? ಹೊಟ್ಟ್ಯಾಗಿನ ಗಂಟು ಹಿಂಗ ಕರಗತಾವ.”

ಗದಿಗೆವ್ವ ತೂತನ್ನು ನೋಡಿದರು, ಮಗನನ್ನು ನೋಡಿದರು. “ತಮ್ಮಾ, ಮೊದಲ ನೀ ಒಂದ ಚಮಚಾ ತಗೋ. ನನಗಿಂತ ನಿನ್ನ ಹೊಟ್ಟಿ ದೊಡ್ಡದೈತಿ.”

ಸಾಹುಕಾರರಿಗೆ ಅಂದು ತಮ್ಮ ಉಪವಾಸ ಎಂಬುದು ನೆನಪಾಯಿತು.

“ಹಂಗಾರ ಗುಡ್ಡವ್ವ, ಎಲ್ಲಾ ಬಾಟ್ಲಿ ಪೇಂಟರ್ ದಾದಾಪೀರಗ ಕೊಟ್ಟ ಬಿಡು. ಬ್ರಷ್ ತೊಳಕೋತಾನ,” ಎಂದರು ಗದಿಗೆವ್ವ.

ನಾಳೆ ನಾನೂ ಗುಡ್ಡವ್ವನ ಜೊತೆ ಹೋಗಿ, ಯಾರೂ ಔಷಧವೆಂದು ಕುಡಿಯದಂತೆ ನಲವತ್ತೂ ಬಾಟಲಿಗಳ ಚೀಟಿ ಕೀಳುತ್ತೇನೆ.