ಜೊತೆಗಿರಲು ಒಬ್ಬ ಹೆಂಗಸು

ನಮ್ಮ ಮನೆಯಲ್ಲಿ ಯಾವ ಕೆಲಸವೂ ಕೊನೆಯ ಗಳಿಗೆಗೆ ಉಳಿಯುವುದಿಲ್ಲ. ಸನ್ಯಾಸಿನಿಯರು ನಡೆಸುತ್ತಿದ್ದ ಹಾಸ್ಟೆಲಿನಲ್ಲಿ ಗಂಟೆ ಹೊಡೆದಾಗ ಎದ್ದು, ಗಂಟೆ ಹೊಡೆದಾಗ ಮಲಗಿ ಬೆಳೆದವಳು ನಾನು. ಹಾಲು ಕಾಯಿಸುವುದಕ್ಕೂ ಹೊದಿಕೆ ಮಡಿಸುವುದಕ್ಕೂ ನನ್ನಲ್ಲಿ ಹೊತ್ತು ಗೊತ್ತಿದೆ. ಹಾಗಾಗಿ ಸೊಸೆ ಒಂದು ದಿನ ಬಂದು, ಮಗುವಿನ ಯೋಚನೆ ಮಾಡಿದ್ದೇವೆ, ಅದಕ್ಕೆ ಮೊದಲು ಯಾವ ಆಸ್ಪತ್ರೆ ಎಂದು ತೀರ್ಮಾನವಾಗಲಿ ಎಂದಾಗ ನನಗೆ ಖುಷಿಯೇ ಆಯಿತು. ಬಸಿರು ನಿಲ್ಲುವ ಮೊದಲೇ ಹೆರಿಗೆಯ ಮಾತೆತ್ತಬಾರದು ಎನ್ನುವವರು ನಮ್ಮ ನೆಂಟರಲ್ಲಿ ಬಹಳ. ಇವಳು ನನ್ನ ಹಾಗೆ ಯೋಚಿಸುವ ಹುಡುಗಿ ಎಂದುಕೊಂಡೆ.

ನನ್ನ ಮಟ್ಟಿಗೆ ತೀರ್ಮಾನ ಆಗಲೇ ಆಗಿತ್ತು. ಕುವೆಂಪುನಗರದ ನಮ್ಮ ಮನೆಯಿಂದ ನಡೆದು ಹೋಗುವಷ್ಟು ಹತ್ತಿರದಲ್ಲಿ ಒಂದು ಖಾಸಗಿ ನರ್ಸಿಂಗ್ ಹೋಮ್ ಇದೆ. ಬಿಳಿ ಗೋಡೆ, ಶುಭ್ರವಾದ ನೆಲ, ಪ್ರತಿಯೊಬ್ಬರಿಗೂ ಬೇರೆ ಕೋಣೆ. ಸೊಸೆ ಅದನ್ನು ನೋಡಿ ಬಂದಳು, ಚೆನ್ನಾಗಿದೆ ಎಂದಳು. ಆದರೆ ಸರ್ಕಾರಿ ಹೆರಿಗೆ ಆಸ್ಪತ್ರೆಯನ್ನೂ ನೋಡಬೇಕು ಎಂದಳು. ಅವಳು ಹುಟ್ಟಿದ್ದು ಅಲ್ಲಿ. ಕೆಸರೆಯಲ್ಲಿ ಅವಳ ತವರಿನ ಬೀದಿಯ ಮಕ್ಕಳೆಲ್ಲ ಅಲ್ಲಿ ಹುಟ್ಟಿದವರೇ. ಹೆಚ್ಚುಕಡಿಮೆಯಾದರೆ ರಕ್ತ, ಎಳೆಮಕ್ಕಳ ಡಾಕ್ಟರು ಎಲ್ಲ ಅಲ್ಲಿ ಒಂದೇ ಕಡೆ ಸಿಗುತ್ತದೆ, ಆ ಹೊತ್ತಿನಲ್ಲಿ ಆಂಬುಲೆನ್ಸಿನಲ್ಲಿ ಊರು ಸುತ್ತುವುದು ಬೇಡ ಎಂಬುದು ಅವಳ ವಾದ. ಬ್ಯಾಂಕಿನಲ್ಲಿ ಕೆಲಸ ಮಾಡುವ ಹುಡುಗಿ, ಯೋಚಿಸದೆ ಮಾತಾಡುವವಳಲ್ಲ.

ಒಂದೇ ತೊಡಕು. ಸರ್ಕಾರಿ ವಾರ್ಡಿನಲ್ಲಿ ಗಂಡಸರು ಉಳಿಯುವಂತಿಲ್ಲ, ಜೊತೆಗಿರಲು ಒಬ್ಬ ಹೆಂಗಸು ಬೇಕು. ಚೊಚ್ಚಲ ಹೆರಿಗೆ ತವರಿನವರದು. ಆದರೆ ಅವಳಿಗೆ ತಾಯಿ ಇಲ್ಲ. ತವರು ಎಂದರೆ ತಂದೆಯೊಬ್ಬರೇ. ಒಂದು ಸಂಜೆ ಇಬ್ಬರೂ ಅವರೆಕಾಯಿ ಸುಲಿಯುತ್ತಾ ಕೂತಿದ್ದಾಗ ತಲೆಯೆತ್ತದೆ ಕೇಳಿದಳು.

"ನೀವಿರ್ತೀರಾ ಅತ್ತೆ? ನೀವು ಇರ್ತೀನಿ ಅಂದ್ರೆ ನಂಗೆ ಅಲ್ಲೇ ಧೈರ್ಯ."

ಇರ್ತೀನಿ ಎಂದು ಹೇಳುವುದಕ್ಕೆ ಎಷ್ಟು ಹೊತ್ತು ಬೇಕು? ನಾನು, ಮೊದಲು ನೋಡಿಕೊಂಡು ಬರೋಣ ನಡಿ ಎಂದೆ.

ಮುಂದಿನ ಶನಿವಾರ ಅವಳ ಸ್ಕೂಟರಿನ ಹಿಂದೆ ಕೂತು ಹೋದೆ. ಆಸ್ಪತ್ರೆ ನಾನು ಅಂದುಕೊಂಡ ಹಾಗಿರಲಿಲ್ಲ. ಜನ ವಿಪರೀತ, ನಿಜ. ಬಾಗಿಲ ಬಳಿ ಫ್ಲಾಸ್ಕು, ಚಾಪೆ ಹಿಡಿದ ಹೆಂಗಸರು ಸಾಲಾಗಿ ಕೂತಿದ್ದರು. ಆದರೆ ಅಲ್ಲೂ ಒಂದು ಕ್ರಮವಿತ್ತು. ವಿಚಾರಣೆಯ ಕಿಟಕಿಯಲ್ಲಿದ್ದ ನರ್ಸು, ಬಸುರಿಯಾಗದವಳು ಬಂದು ಕೇಳುತ್ತಿದ್ದಾಳೆಂದು ನಗಲಿಲ್ಲ, ಕೇಳಿದ್ದಕ್ಕೆಲ್ಲ ಉತ್ತರ ಹೇಳಿದಳು. ಸೊಸೆಯ ಮುಖದಲ್ಲಿ ಸಮಾಧಾನ ಕಂಡಿತು. ನನಗೆ ಮಾತ್ರ ಒಳಗೆ ಹೊಕ್ಕಾಗಿನಿಂದಲೂ ಒಂದೇ ಚಿಂತೆ. ಪರಿಚಯದವರು ಯಾರೂ ಎದುರಾಗದಿರಲಿ ಎಂದು.

ಎದುರಾದರು. ಬೆಳಗಿನ ವಾಕಿಂಗಿನಲ್ಲಿ ಈಚೆಗೆ ಜೊತೆಯಾದ ಗೆಳತಿ. ನನ್ನ ಮಗನ ಮದುವೆಗೆ ಬಂದವರಲ್ಲ, ಸೊಸೆಯನ್ನು ನೋಡಿದವರಲ್ಲ. ಕೈಯಲ್ಲಿ ಊಟದ ಕ್ಯಾರಿಯರ್ ಹಿಡಿದು ಮೆಟ್ಟಿಲಿಳಿದು ಬರುತ್ತಿದ್ದವರು ನನ್ನನ್ನು ಕಂಡು, ಏನ್ರೀ ಇಲ್ಲಿ ಎಂದರು. ಸೊಸೆ ನನ್ನ ಹಿಂದೆ ಒಂದು ಹೆಜ್ಜೆ ದೂರದಲ್ಲಿದ್ದಳು. ಹಳೆಯ ಹತ್ತಿ ಚೂಡಿದಾರ್, ಬಿಗಿಯಾಗಿ ಹೆಣೆದ ಜಡೆ.

"ನಮ್ಮನೆ ಕೆಲಸದವಳ ಮಗಳು ಕಣ್ರೀ. ತೋರ್ಸೋಣ ಅಂತ ಕರ್ಕೊಂಡ್ ಬಂದೆ."

ಈ ಮಾತನ್ನು ನಾನು ಯೋಚಿಸಿ ಆಡಲಿಲ್ಲ. ಯೋಚಿಸದೆ ಬಂತು ಎಂಬುದೇ ನನ್ನನ್ನು ಇಂದಿಗೂ ಕುಗ್ಗಿಸುತ್ತದೆ. ಅಷ್ಟು ಸಿದ್ಧವಾಗಿ ಅದು ನನ್ನ ನಾಲಿಗೆಯಲ್ಲಿ ಇತ್ತು.

ಗೆಳತಿ ಸೊಸೆಯ ಕಡೆ ತಿರುಗಿ ಅವಳ ತೋಳು ಸವರಿದರು. "ಪುಣ್ಯವಂತೆ ಕಣಮ್ಮ ನೀನು. ಇಂಥ ಮನೆ ಸಿಗೋದು ಕಷ್ಟ."

ಸೊಸೆ ನನ್ನನ್ನು ನೋಡಲೇ ಇಲ್ಲ.

"ಊಂ ಕಣಮ್ಮೋರೆ," ಎಂದಳು. "ಅಮ್ಮೋರು ತುಂಬಾ ಒಳ್ಳೆಯೋರು."

ಅಮ್ಮೋರು ಎಂದು ನನ್ನನ್ನು ಕರೆಯುವುದು ನಮ್ಮ ಮನೆ ಕೆಲಸದವಳು. ಸೊಸೆ ಆ ಸ್ವರವನ್ನೂ ಹಾಗೆಯೇ ತಂದಿದ್ದಳು. ಗೆಳತಿ ತಮ್ಮ ಸುದ್ದಿ ಹೇಳಿದರು. ಅವರ ಅಣ್ಣನ ಮಗಳಿಗೆ ಹಿಂದಿನ ದಿನ ಅಲ್ಲೇ ಹೆರಿಗೆಯಾಗಿತ್ತು, ಹೆಣ್ಣು ಮಗು, ರಾತ್ರಿಯಿಡೀ ಇವರೇ ಜೊತೆಗಿದ್ದರು, ಈಗ ಮನೆಗೆ ಹೋಗಿ ಸ್ನಾನ ಮಾಡಿ ಮತ್ತೆ ಬರಬೇಕು. ದನಿಯಲ್ಲಿ ಯಾವ ಸಂಕೋಚವೂ ಇರಲಿಲ್ಲ. ಯಾರಿಗೆ ಹೆದರಿ ಸುಳ್ಳು ಹೇಳಿದೆನೋ ಅವರ ಮನೆಯ ಕೂಸು ಮೇಲಿನ ವಾರ್ಡಿನಲ್ಲೇ ಮಲಗಿತ್ತು.

ದಾರಿಯುದ್ದಕ್ಕೂ ಸೊಸೆ ಸಿಗ್ನಲ್ಲು, ಬಿಸಿಲು ಎಂದು ಮಾಮೂಲಿನ ಮಾತಾಡಿದಳು. ಮನೆಗೆ ಬಂದು ಅನ್ನಕ್ಕಿಟ್ಟಳು. ನಾನು ಕ್ಷಮಿಸು ಎನ್ನಲು ಎರಡು ಸಲ ಅಡುಗೆಮನೆಗೆ ಹೋಗಿ, ಒಂದು ಸಲ ನೀರು ಕುಡಿದು, ಇನ್ನೊಂದು ಸಲ ಸಿಂಕ್ ಒರೆಸಿ ಬಂದೆ.

ಅಲ್ಲಿಗೇ ಮುಗಿದಿದ್ದರೆ ಮನಸ್ಸಿನಲ್ಲೇ ಸರಿಮಾಡಿಕೊಳ್ಳುತ್ತಿದ್ದೆನೋ ಏನೋ. ಮರುವಾರ ಭಾನುವಾರ ಬೆಳಿಗ್ಗೆ ಸೊಸೆ ಗೇಟಿನ ಮುಂದೆ ಗುಡಿಸಿ ರಂಗೋಲಿ ಹಾಕುತ್ತಿದ್ದಳು. ನಾನು ಅಡುಗೆಮನೆಯ ಕಿಟಕಿಯ ಬಳಿ ಕಾಫಿ ಸೋಸುತ್ತಿದ್ದೆ. ಸ್ಕೂಟರ್ ಬಂದು ನಿಂತ ಸದ್ದು. ಅದೇ ಗೆಳತಿ, ಒಂದು ಬಟ್ಟೆಯ ಚೀಲದೊಂದಿಗೆ. ಕೂಸಿಗೆ ಮೊದಲು ತೊಡಿಸುವುದು ಬೇರೆ ಮನೆಯ ಮಗು ಹಾಕಿ ಬಿಟ್ಟ ಹಳೆಯ ಬಟ್ಟೆಯನ್ನೇ ತಾನೆ, ಅದಕ್ಕೇ ತಂದಿದ್ದರು.

"ಅಮ್ಮನ್ ಬದ್ಲು ಇವತ್ತು ನೀನು ಬಂದ್ಯಾ?" ಎಂದು ಕೇಳುವುದು ಕೇಳಿಸಿತು. "ತಗೋ, ನಮ್ ಮೊಮ್ಮಗಂದು. ಒಗ್ದು ಇಟ್ಟಿದ್ದೆ."

ಕಿಟಕಿಯಿಂದ ಗೇಟಿಗೆ ಏನು ಮಹಾ ದೂರ. ಬಾಗಿಲು ತೆರೆದು ಹೊರಗೆ ಬಂದು, ಇವಳು ನನ್ನ ಸೊಸೆ ಎಂದರೆ ಸಾಕಿತ್ತು. ಸೊಸೆ ಒಮ್ಮೆ ಕಿಟಕಿಯ ಕಡೆ ನೋಡಿದಳು. ನಾನು ಅಲ್ಲಿ ನಿಂತಿರುವುದು ಅವಳಿಗೆ ಗೊತ್ತಾಯಿತು. ನಾನು ಕಾಫಿ ಸೋಸುತ್ತಲೇ ಇದ್ದೆ.

"ಅಮ್ಮೋರು ಒಳಗವ್ರೆ, ಕರೀಲಾ?" ಎಂದಳು, ನನಗೂ ಕೇಳಿಸುವಷ್ಟು ಜೋರಾಗಿ. ಗೆಳತಿ ಬೇಡಮ್ಮ, ಹೊತ್ತಾಯಿತು ಎಂದು ಹೊರಟುಹೋದರು.

ಸೊಸೆ ಒಳಗೆ ಬಂದು ಚೀಲವನ್ನು ಊಟದ ಮೇಜಿನ ಮೇಲಿಟ್ಟಳು. ರಂಗೋಲಿಯ ಕೈ ತೊಳೆದುಕೊಂಡಳು. ಟವೆಲಿಗೆ ಕೈ ಒರೆಸುತ್ತಾ ಹೇಳಿದಳು.

"ಅತ್ತೆ, ಪ್ರೈವೇಟೇ ಇರ್ಲಿ. ಅಲ್ಲಿ ರೂಮಲ್ಲಿ ಇವರೇ ಇರಬಹುದಂತೆ. ಯಾವ ಹೆಂಗಸ್ರೂ ಬೇಕಾಗಲ್ಲ."

ನಾನು ಬಯಸಿದ್ದೂ ಅದನ್ನೇ. ಅವಳ ವಾದಕ್ಕೆ ಪ್ರತಿಯಾಗಿ ಹೇಳಬೇಕೆಂದು ಎಷ್ಟೋ ಮಾತು ಹೊಂದಿಸಿಟ್ಟುಕೊಂಡಿದ್ದೆ. ಒಂದೂ ಬೇಕಾಗಲಿಲ್ಲ.

ಮಾರನೆಯ ಬೆಳಿಗ್ಗೆ ವಾಕಿಂಗಿನಲ್ಲಿ ಗೆಳತಿಗೆ ಇದ್ದದ್ದು ಇದ್ದ ಹಾಗೆ ಹೇಳಿದೆ. ಅವರು ನಡೆಯುತ್ತಿದ್ದವರು ನಿಂತರು. ಬೈದಿದ್ದರೆ ಹಗುರವಾಗುತ್ತಿತ್ತು. "ಆ ಹುಡುಗಿ ಎರಡ್ ಸಲಾನೂ ನಿಮ್ಮ ಮಾನ ಕಾಪಾಡ್ತಲ್ರೀ," ಎಂದರು. ಬಟ್ಟೆಯನ್ನು ವಾಪಸ್ಸು ತರುತ್ತೇನೆಂದೆ. ಅದನ್ನು ಕೊಟ್ಟದ್ದು ನಿಮಗಲ್ಲವಲ್ಲ, ಅವಳನ್ನು ಕೇಳಿ ಎಂದರು.

ಸೊಸೆಯನ್ನು ಕೇಳಿದೆ. ಗೆಳತಿಗೆ ನಿಜ ಹೇಳಿದ್ದನ್ನೂ ಹೇಳಿದೆ, ಕ್ಷಮಿಸು ಎಂದೂ ಅಂದೆ. ಒಳ್ಳೆಯದಾಯಿತು ಅತ್ತೆ, ಇನ್ನು ಅವರು ಬಂದರೆ ನಾನು ಸೊಸೆಯಾಗಿಯೇ ಬಾಗಿಲು ತೆಗೆಯಬಹುದು ಎಂದಳು. ಬಟ್ಟೆ ಇರಲಿ ಎಂದಳು. ಚೀಲವನ್ನು ತನ್ನ ಬೀರುವಿನಲ್ಲಿ, ಸೀರೆಗಳ ಕೆಳಗೆ ಇಟ್ಟಳು.

ಸರ್ಕಾರಿ ಆಸ್ಪತ್ರೆಗೇ ಹೋಗೋಣ, ನಾನಿರ್ತೀನಿ ಎಂದು ಆಮೇಲೆ ಒಂದು ಸಂಜೆ ಹೇಳಿದೆ. ಅಂದೂ ಅವರೆಕಾಯಿ ಇತ್ತು. ಅವಳು ಸುಲಿಯುತ್ತಾ, ಬೇಡಿ ಅತ್ತೆ, ನಿಮಗೆ ತೊಂದರೆ ಎಂದಳು. ಸಿಟ್ಟಿನಿಂದಲ್ಲ, ಮನೆಗೆ ಬಂದವರಿಗೆ ಹೇಳುವಷ್ಟು ಮರ್ಯಾದೆಯಿಂದ.