ಹಸಿರು ಗದ್ದೆಗೆ ಪರಿಹಾರವಿಲ್ಲ

ತೊಂಬತ್ತರ ದಶಕದ ಕೊನೆಯ ಒಂದು ಶ್ರಾವಣ. ಹೆಗ್ಗರಣೆ ಕಡೆಯ ನಮ್ಮ ಹಳ್ಳ ಉಕ್ಕಿ ಬಂದು, ನೆಟ್ಟಿ ಮುಗಿಸಿದ ಭತ್ತದ ಗದ್ದೆಗಳ ಮೇಲೆ ಮೊಣಕಾಲುದ್ದ ಹೊಯ್ಗೆ ಹರವಿ ಹೋಯಿತು. ಬರೀ ಮರಳು. ವರ್ಷದ ಅನ್ನ ಅದರಡಿ ಹೂತಿತ್ತು. ಐದನೇ ಇಯತ್ತೆಗೆ ಶಾಲೆ ಬಿಟ್ಟವನು ನಾನು. ಯಾರದೋ ಮುಂದೆ ನಿಂತು ಕೇಳುವುದಕ್ಕಿಂತ ಗುದ್ದಲಿ ಹಿಡಿಯುವುದೇ ಸಲೀಸು.

ನಮ್ಮಲ್ಲಿ ಮುಯ್ಯಾಳು. ಇವತ್ತು ನನ್ನ ಗದ್ದೆಗೆ ನೀನು, ನಾಳೆ ನಿನ್ನ ಗದ್ದೆಗೆ ನಾನು. ಕೂಲಿಯಿಲ್ಲ, ಮಧ್ಯಾಹ್ನದ ಊಟ ಗದ್ದೆಯವನದು. ಪಕ್ಕದ ಗದ್ದೆಯ ದಾಯಾದಿ ಅಣ್ಣ ಮನೆಮಂದಿ ಸಮೇತ ಮೊದಲು ನನ್ನ ಗದ್ದೆಗೇ ಇಳಿದ. ಹೊಯ್ಗೆಯನ್ನು ಬುಟ್ಟಿಯಲ್ಲಿ ಹೊತ್ತು ಹಳ್ಳದ ದಂಡೆಗೆ ಸುರಿದೆವು. ಹೆಂಡತಿಯ ತವರಿನಲ್ಲಿ ಮಿಕ್ಕಿದ್ದ ಅಗೆಯ ಸಸಿ ತಂದು ಮತ್ತೆ ನೆಟ್ಟೆವು.

ಅಷ್ಟರಲ್ಲಿ ಸುದ್ದಿ ಬಂತು: ಸರ್ಕಾರ ಪರಿಹಾರ ಕೊಡುತ್ತದೆ, ಶಾನುಭೋಗರು ಗದ್ದೆ ನೋಡಿ ಪಂಚನಾಮೆ ಮಾಡುತ್ತಾರೆ. ಮುಯ್ಯಿ ತೀರಿಸಲು ಅವನ ಗದ್ದೆಗೆ ಗುದ್ದಲಿ ಹೊತ್ತು ಹೋದ ನನ್ನನ್ನು ಅಣ್ಣ ಅಂಚಿನ ಮೇಲೇ ತಡೆದ.

“ಒಂದ್ ಬುಟ್ಟಿನೂ ತೆಗಿಬ್ಯಾಡ ಮಾರಾಯ. ಸಾಹೇಬ್ರು ನೋಡ್ಕಂಡು ಹೋಗ್ಲಿ.”

“ಅಲ್ಲೀವರೆಗೆ ಅಗೆ ಕಾಯ್ತದನಾ?”

“ಕಾಯದಿದ್ರೆ ಬ್ಯಾಡ. ನಿನ್ ಗದ್ದೆ ಕಂಡ್ರೆ ಹಳ್ಳ ಬಂದಿದ್ದೇ ಸುಳ್ಳು ಅಂತ್ರು. ದೌಡು ಮಾಡಿ ಕೆಟ್ಟೆ ನೀನು.”

ಮನೆಯಲ್ಲಿ ಹೆಂಡತಿಯೂ ಅಂದಳು, “ಮೂಲೆ ಗದ್ದೆ ಒಂದಕ್ಕಾದ್ರೂ ಹೊಯ್ಗೆ ತಿರುಗಿ ಸುರುದ್ರೆ ಆಗ್ತಿತ್ತು. ತಡ ಮಾಡಿ ನೆಟ್ಟಿದ್ದು ಎಂತ ಬೆಳಿತದೆ? ಮಕ್ಕಳಿಗೆ ಅಕ್ಕಿ ಬ್ಯಾಡ್ವಾ?”

“ನೆಟ್ಟ ಅಗೆ ಮೇಲೆ ಹೊಯ್ಗೆ ಸುರಿ ಅಂತೀಯಾ?”

ಅವಳು ಮೊರ ಎಳೆದುಕೊಂಡು ಕಲ್ಲು ಹೆಕ್ಕತೊಡಗಿದಳು.

ಶಾನುಭೋಗರು ಹಾವೇರಿ ಕಡೆಯಿಂದ ವರ್ಗವಾಗಿ ಬಂದವರು. ಅಂಚಿನ ಮೇಲೆ ನಿಂತು ನಕ್ಕರು. “ಎಲ್ಲೈತ್ರಿ ಲುಕ್ಸಾನು? ಪೈರು ಹಸರಾಗಿ ನಿಂತೈತಲ್ರಿ.”

ದಂಡೆಯ ರಾಶಿ ತೋರಿಸಿದೆ.

“ಹಳ್ಳದ ದಂಡ್ಯಾಗ ಉಸುಕು ಇರಲಾರ್ದ ಮತ್ತೇನು ಇರ್ತೈತ್ರಿ?”

ಅಣ್ಣ ಬಾಯಿ ಹಾಕಿದ. “ಖರೇ ಸಾಹೇಬ್ರೆ, ಇವನ್ದೂ ತುಂಬಿತ್ತು. ಹೊತ್ತು ಹಾಕಿದ್ದು ನಾವೇಯ.”

“ಹೇಳಿದ್ದು ಬರಿಯಾಕ ಬರೂದಿಲ್ರಿ, ಕಂಡದ್ದು ಬರೀಬೇಕು. ಬೇಕಾದ್ರ ತಾಲ್ಲೂಕು ಕಚೇರಿಗೆ ಹೋಗಿ ಕೇಳ್ರಿ.”

ನಾನು ಹೋಗಲಿಲ್ಲ. ಕಣ್ಣೆದುರಿನ ಮರಳನ್ನೇ ಒಪ್ಪದವರ ಬಾಗಿಲಲ್ಲಿ ಕೈಕಟ್ಟಿ ನಿಲ್ಲುವುದು ನನ್ನಿಂದಾಗದು.

ತಡವಾದ ನೆಟ್ಟಿಗೆ ಕಾಳು ಕಟ್ಟಲಿಲ್ಲ. ಕಣದಲ್ಲಿ ತೂರಿದರೆ ಗಾಳಿಯ ಪಾಲಾದದ್ದೇ ಹೆಚ್ಚು. ಅಣ್ಣನಿಗೆ ಪರಿಹಾರದ ಚೆಕ್ಕು ಬಂತು. ಸಿದ್ದಾಪುರ ಪೇಟೆಯಿಂದ ಅವನ ಮನೆಗೆ ಅಕ್ಕಿ ಚೀಲಗಳು ಬಂದಿಳಿದವು. ಬೇಸಿಗೆಯಲ್ಲಿ ಅವನ ಗದ್ದೆಯ ಹೊಯ್ಗೆ ತೆಗೆಯಲು ಕರೆದ. ಮುಯ್ಯಿ ನನ್ನ ಮೇಲಿತ್ತು, ಹೋದೆ. ಮಧ್ಯಾಹ್ನ ಅತ್ತಿಗೆ ಬೆಳ್ಳನೆಯ ಪೇಟೆ ಅಕ್ಕಿಯ ಅನ್ನ ಬಡಿಸಿದರು. ನಮ್ಮ ಮನೆಯಲ್ಲಿ ಆಗಲೇ ಗಂಜಿ ತೆಳುವಾಗಿತ್ತು.

“ಸಂಜಿಗೆ ಮಕ್ಕಳಿಗೂ ಒಂದಿಷ್ಟು ಅಕ್ಕಿ ತಗಂಡು ಹೋಗು,” ಎಂದ ಅಣ್ಣ. “ಸರ್ಕಾರದ್ದು, ನಂದೇನಲ್ಲ.”

ಉಣ್ಣುವುದು ಮುಯ್ಯಾಳಿನ ಹಕ್ಕು, ಉಂಡೆ. ಹೊತ್ತೊಯ್ಯುವುದು ಹಕ್ಕಲ್ಲ. “ಬ್ಯಾಡ” ಎಂದೆ.

ಸಂಜೆ ಹಳ್ಳದಲ್ಲಿ ಕೈಕಾಲು ತೊಳೆದು ಮನೆಗೆ ಬಂದೆ. ಅಂಗಳದಲ್ಲಿ ನಿಂತಿದ್ದ ಹೆಂಡತಿ ನನ್ನ ಕೈ ನೋಡಿದಳು. ಅಕ್ಕಿ ಕಳಿಸುತ್ತೇವೆಂದು ಅತ್ತಿಗೆ ಬೆಳಿಗ್ಗೆಯೇ ಅವಳಿಗೆ ಹೇಳಿದ್ದರಂತೆ. ಒಲೆಯ ಮೇಲೆ ಬರೀ ಎಸರು ಕುದಿಯುತ್ತಿತ್ತು.