ಅಮ್ಮನ ದನಿಗೆ ಮೈಕು ಆರಿಸಿದ ಸಾಬರು

ಮಗಳ ಕಂಪ್ಯೂಟರಿಗೆ ಮೈಕಿರುವ ಹೆಡ್‌ಸೆಟ್ ಕೊಳ್ಳಲು ಕಡೂರಿನ ಅಂಗಡಿಯಲ್ಲಿ ನಿಂತಿದ್ದೆ. ಅದರ ಮೈಕಿಗೆ ತೊಡಿಸಿದ್ದ ಹೊಸ ಸ್ಪಂಜಿನ ವಾಸನೆಗೆ ತರೀಕೆರೆಯ ಮೈಕ್‌ಸೆಟ್ ಬಾಷಾ ಸಾಬರು ನೆನಪಾದರು.

ಚಿಕ್ಕಮ್ಮನ ಮದುವೆಯಲ್ಲಿ ಅಮ್ಮ ಸೋಬಾನೆ ಹಾಡಬೇಕಿತ್ತು. "ನನ್ ದನಿ ಸೊಳ್ಳೆಗೂ ಕೇಳ್ಸಲ್ಲ ಸಾಬ್ರೇ, ಬ್ಯಾಡ" ಎಂದು ಹಿಂದೆ ಸರಿದಳು.

ಸಾಬರು ಎಲ್ಲರಂತೆ ಮೈಕಿಗೆ ಊದಲಿಲ್ಲ, ತಟ್ಟಲಿಲ್ಲ. ಮೊದಲು ಅಮ್ಮನನ್ನು ಬರಿಗಂಟಲಲ್ಲಿ ಹಾಡಿಸಿ, ಕಣ್ಣುಮುಚ್ಚಿ ಕೇಳಿದರು. ಆಮೇಲೆ ತಮ್ಮಲ್ಲಿದ್ದ ಮೂರರಲ್ಲಿ ಹಳೆಯ ಮೈಕೊಂದನ್ನು ಆರಿಸಿ, ಉಸಿರಿನ ಸದ್ದು ಬಾರದಂತೆ ಅದಕ್ಕೆ ತೆಳು ಕರ್ಚೀಫು ಕಟ್ಟಿ ಕೊಟ್ಟರು.

"ಮೆಲ್ಲಗೇ ಹಾಡಿ. ಜೋರು ಮಾಡೋದು ನನ್ ಕೆಲ್ಸ ಕಣಮ್ಮಾ."

ಅಮ್ಮ ಹಾಡಿದಳು. ಚಪ್ಪರದಾಚೆ ಅಡುಗೆಯವರೂ ಸೌಟು ನಿಲ್ಲಿಸಿ ಕೇಳಿದರು.

"ಯಾವ್ದು ಕೊಡ್ಲಿ ಸಾರ್?" ಎಂದ ಅಂಗಡಿಯವನು.

ಮಗಳ ದನಿಯನ್ನು ನಾನು ಗಮನವಿಟ್ಟು ಕೇಳಿ ಬಹಳ ದಿನವಾಗಿತ್ತು. ನಾಳೆ ಅವಳನ್ನೂ ಕರೆತರುವೆನೆಂದು ಹೇಳಿ ಹೊರಬಂದೆ.